ನೀಲಿ ಪಟ್ಟೆಯ ಹಂಡೆ

ಮರ್ವಿನ್ ಪ್ಲಾಟ್ಕಿನ್ ಕನ್ನಡಕ ಒರೆಸಿಕೊಂಡದ್ದೇ ತಪ್ಪಾಯಿತು. ಒರೆಸಿಕೊಳ್ಳದೆ ಇದ್ದಿದ್ದರೆ ಆ ಭಾನುವಾರ ಎಲ್ಲರೂ ಸುಖವಾಗಿ ಪಾಪ ಮಾಡಿ ಮನೆಗೆ ಹೋಗುತ್ತಿದ್ದರು.

ನಸುಕಿನಿಂದ ಅವನು ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಅಡುಗೆಮನೆಯಲ್ಲಿ ಹಂಡೆಯ ಮುಂದೆ ನಿಂತಿದ್ದ. ಹಂಡೆಯೊಳಗೆ ದನದ ಎದೆಮಾಂಸ, ಬೆಟ್ಟದಷ್ಟು ಈರುಳ್ಳಿ, ಕ್ಯಾರೆಟ್ಟು, ಬೆಳ್ಳುಳ್ಳಿ. ಬ್ರಿಸ್ಕೆಟ್ ಕೊತಕೊತ ಕುದಿಯುತ್ತಿತ್ತು. ಹಬೆಗೆ ಅವನ ಕನ್ನಡಕ ಮಂಜಾಗಿ, ಊರಿಗೆಲ್ಲ ಕನ್ನಡಕ ಮಾರುವ ಮನುಷ್ಯ ಬೆಳಗಿನಿಂದ ತಡಕಾಡಿಕೊಂಡೇ ಅಡುಗೆ ಮಾಡಿದ್ದ. ಇನ್ನೇನು ಬೆಂದಿತು ಎನ್ನುವಾಗ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಏರಿಸಿಕೊಂಡ.

ಹಂಡೆಯ ಹಿಡಿಯ ಮೇಲೆ ನೀಲಿ ಪಟ್ಟೆ ಕಾಣಿಸಿತು.

ಕೆಂಪು ಪಟ್ಟೆ ಅಂದರೆ ಮಾಂಸದ ಪಾತ್ರೆ. ನೀಲಿ ಅಂದರೆ ಹಾಲಿನದು. ಈ ಜನರಲ್ಲಿ ಹುಟ್ಟಿದ ಮಗು ಎಡಗೈ ಬಲಗೈ ಗುರುತಿಸುವ ಮೊದಲು ಕಲಿಯುವ ಪಾಠ ಅದು. ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಸಿಂಕು, ಕೊನೆಗೆ ಕೈ ಒರೆಸುವ ಬಟ್ಟೆಯೂ ಬೇರೆ. ಎರಡೂ ಒಂದನ್ನೊಂದು ಮುಟ್ಟಬಾರದು. ಜಗಳವಾಡಿದ ಸೊಸೆಯರ ಹಾಗೆ ಅವನ್ನು ಜೀವನಪೂರ್ತಿ ಬೇರೆ ಬೇರೆ ಕೋಣೆಯಲ್ಲಿ ಇಟ್ಟುಕೊಂಡು ಸಂಸಾರ ಮಾಡಬೇಕು. ಮರ್ವಿನ್ ನಾನೂರು ಜನರಿಗೆ ಬಡಿಸುವ ಮಾಂಸವನ್ನು ಹಾಲಿನ ಹಂಡೆಯಲ್ಲಿ ಬೇಯಿಸಿಬಿಟ್ಟಿದ್ದ.

"ಅಯ್ಯೋ ದೇವ್ರೇ," ಅಂದ.

ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಅಮೆರಿಕದ ಟೊಲೀಡೊದ ಅಹವಾತ್ ಅಖೀಮ್ ಸಿನಗಾಗಿನಲ್ಲಿ ಅಂಥ ಗಳಿಗೆ ಹೆಚ್ಚು ಹೊತ್ತು ಬಾಳುವುದಿಲ್ಲ.

ಅಹವಾತ್ ಅಖೀಮ್ ಅಂದರೆ ಸಹೋದರ ಪ್ರೇಮ. ಅರ್ಥ ಗೊತ್ತಿರುವವರೆಲ್ಲ ಒಬ್ಬರಿಗೊಬ್ಬರು ಮಾತು ಬಿಟ್ಟು ಎಷ್ಟೋ ಕಾಲವಾಗಿದೆ. ವರ್ಷಕ್ಕೊಂದು ಸಲ ಮಾತ್ರ, ಶರತ್ಕಾಲದಲ್ಲಿ ಯಹೂದಿಗಳ ಹೊಸ ವರ್ಷದ ಪ್ರಾರ್ಥನೆಗಳು ಹತ್ತಿರ ಬಂದಾಗ, ಎಲ್ಲರೂ ಹಲ್ಲು ಕಚ್ಚಿಕೊಂಡು ಒಟ್ಟಿಗೆ ಆಹಾರ ಮೇಳ ಮಾಡುತ್ತಾರೆ. ಬಂದ ದುಡ್ಡೆಲ್ಲ ಊರಿನ ಫುಡ್ ಬ್ಯಾಂಕಿಗೆ. ಚಳಿಗಾಲದಲ್ಲಿ ಒಲೆ ಹಚ್ಚಲು ಏನೂ ಇಲ್ಲದ ಮನೆಗಳಿಗೆ ಅಲ್ಲಿಂದಲೇ ಬ್ರೆಡ್ಡು, ಬೇಳೆ, ಡಬ್ಬಿ ಹೋಗಬೇಕು. ಮೇಳಕ್ಕೆ ಇಡೀ ಊರು ಬರುತ್ತದೆ. ಚರ್ಚಿನವರು, ಲೆಬನಾನ್ ಕಡೆಯ ಬೇಕರಿಯವರು, ಬೆಂಕಿ ಆರಿಸುವ ದಳದವರು, ಎಲ್ಲರೂ. ಬರುವುದು ಎರಡೇ ಎರಡಕ್ಕೆ. ಒಳಗಿನ ಸಭಾಂಗಣದಲ್ಲಿ ಬ್ರಿಸ್ಕೆಟ್, ಹಿಂದಿನ ಅಂಗಳದ ಡೇರೆಯಲ್ಲಿ ರೋಸ್ಲಿನ್ ಕಾಲ್ಮನ್ ಅವರ ಬ್ಲಿಂಟ್ಸ್. ತೆಳ್ಳಗಿನ ದೋಸೆಯೊಳಗೆ ಚೀಸು ತುಂಬಿ, ಮಡಚಿ, ಬೆಣ್ಣೆಯಲ್ಲಿ ಹೊರಳಿಸಿದ್ದು.

ಸಿನಗಾಗಿನ ಅಧ್ಯಕ್ಷರು ಸ್ಟ್ಯಾನ್ಲಿ ಕಾಲ್ಮನ್. ಅಧ್ಯಕ್ಷರಿಗೆ ಅಧ್ಯಕ್ಷೆ ಅವರ ಹೆಂಡತಿ ರೋಸ್ಲಿನ್.

ಇನ್ನು ಮರ್ವಿನ್ನನ ಕತೆ. ಅವನಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ, ಒಂದು ಸೀಟು. ಪ್ರಾರ್ಥನೆಯ ಸಭಾಂಗಣದಲ್ಲಿ ಪ್ರತಿ ಮನೆಗೂ ಗೊತ್ತುಮಾಡಿದ ಜಾಗ ಇರುತ್ತದೆ. ಪ್ಲಾಟ್ಕಿನ್ ಮನೆತನದ ಪಾಲಿಗೆ ಬಂದದ್ದು ಕಂಬದ ಹಿಂದಿನ ಸೀಟು. ಕಂಬವೆಂದರೆ ಅಂಥಿಂಥ ಕಂಬವಲ್ಲ, ಇಬ್ಬರು ಅಪ್ಪಿದರೂ ಕೈಗೆ ಕೈ ಸಿಗದಂಥದ್ದು. ಮರ್ವಿನ್ನನ ಅಪ್ಪ ಅದರ ಹಿಂದೆ ಕೂತೇ ಮುದುಕನಾದ. ಮರ್ವಿನ್ ಅದರ ಹಿಂದೆ ಕೂತೇ ಬೋಳನಾದ. ಅಲ್ಲಿಂದ ಪವಿತ್ರ ಗ್ರಂಥ ತೋರಾ ಇಡುವ ಕಪಾಟು ಕಾಣದು. ಪ್ರಾರ್ಥನೆ ನಡೆಸುವ ಧರ್ಮಗುರು ರಬ್ಬಿ ಕಾಣದು. ರಬ್ಬಿ ಬಲಕ್ಕೆ ಬಾಗಿದಾಗ ಒಂದು ಮೊಣಕೈ ಕಾಣುತ್ತದೆ. ಮರ್ವಿನ್ನನ ಧರ್ಮಜ್ಞಾನವೆಲ್ಲ ಆ ಮೊಣಕೈಯಿಂದ ಬಂದದ್ದು.

ಆ ವಸಂತದಲ್ಲಿ ಮೂರನೇ ಸಾಲಿನ ಜೆಲ್ಮನ್ ತೀರಿಕೊಂಡರು. ಅವರ ಸೀಟು ನಡುದಾರಿಯ ಪಕ್ಕದ್ದು, ಕಾಲು ಚಾಚಬಹುದು, ಎಲ್ಲವೂ ನೇರ ಕಾಣುತ್ತದೆ. ಅವರ ಶವಯಾತ್ರೆಯಲ್ಲಿ ಮರ್ವಿನ್ ಅತ್ತದ್ದನ್ನು ನೋಡಿ ಜನ ಮೆಚ್ಚಿಕೊಂಡರು. ಅವನಿಗೆ ಜೆಲ್ಮನ್ ಅಷ್ಟೇನೂ ಪರಿಚಯವಿರಲಿಲ್ಲ.

"ಈ ಸಲ ಬ್ರಿಸ್ಕೆಟ್ ನೀನು ನೋಡ್ಕೋ ಮರ್ವಿನ್," ಅಂದಿದ್ದರು ರೋಸ್ಲಿನ್. "ಚೆನ್ನಾಗಾದ್ರೆ ಆ ಸೀಟಿನ ವಿಷ್ಯ ಸ್ಟ್ಯಾನ್ಲಿ ಯೋಚ್ನೆ ಮಾಡ್ತಾರೆ."

ಸ್ಟ್ಯಾನ್ಲಿ ಪಕ್ಕದಲ್ಲೇ ನಿಂತಿದ್ದರು. ತಾವು ಯೋಚನೆ ಮಾಡುತ್ತೇವೆಂಬ ಸುದ್ದಿ ಕೇಳಿ ಅವರಿಗೂ ಆಶ್ಚರ್ಯವಾಯಿತು.

ಈಗ ಆ ಸೀಟು ಹಂಡೆಯೊಳಗೆ ಕುದಿಯುತ್ತಿತ್ತು.

ಮೊದಲು ಬಂದವರು ಫೈವಿಶ್ ಲ್ಯಾಂಡೌ. ಎಂಬತ್ತು ದಾಟಿದ ಮುದುಕ, ಕಿವಿ ಮಂದ, ಮೂಗು ಮಾತ್ರ ಬೇಟೆನಾಯಿಯದು. ಕೈಯಲ್ಲಿ ಮನೆಯಿಂದಲೇ ತಂದ ಚಮಚ.

"ಉಪ್ಪು ನೋಡ್ತೀನಿ, ಅಷ್ಟೇ ಮಗಾ."

"ಬೇಡ ಫೈವಿಶ್ ಅವ್ರೇ!" ಮರ್ವಿನ್ ಹಂಡೆಗೂ ಚಮಚಕ್ಕೂ ನಡುವೆ ಗೋಲ್ ಕೀಪರ್ ಥರ ಹಾರಿದ. ಜೀವಮಾನದಲ್ಲಿ ಒಂದು ತಪ್ಪು ತುತ್ತು ತಿನ್ನದ ಮುದುಕನ ಬಾಯಿಗೆ ಹಾಲಿನ ಹಂಡೆಯ ಮಾಂಸ ಹಾಕಿದರೆ ತನ್ನ ಗತಿಯೇನು? ಬಾಯಿಗೆ ಬಂದದ್ದನ್ನು ಹೇಳಿದ: "ಉಪ್ಪು ಜಾಸ್ತಿ ಆಗ್ಬಿಟ್ಟಿದೆ. ತಿಂದ್ರೆ ನಿಮ್ಮ ಬೀಪಿ ಏರತ್ತೆ!"

"ಹಾಂ?"

"ಉಪ್ಪು! ಜಾಸ್ತಿ!"

ಇದನ್ನು ಇಷ್ಟು ಗಟ್ಟಿಯಾಗಿ ಹೇಳಬಾರದಾಗಿತ್ತು. ಕ್ಷಣದಲ್ಲಿ ಬಾಗಿಲು ತೆರೆದು ಡೋರೀನ್ ವಿಲ್ನೆರ್ ಒಳಗೆ ಬಂದರು. ಸಭಾಂಗಣದಲ್ಲಿ ಮೇಜಿನ ಬಟ್ಟೆ ಹಾಸುತ್ತಿದ್ದವರು, ಕಿವಿ ಮಾತ್ರ ಅಡುಗೆಮನೆಯಲ್ಲೇ ಬಿಟ್ಟು ಹೋಗಿದ್ದರು.

"ಉಪ್ಪು ಜಾಸ್ತಿ ಆಯ್ತಾ? ನಂಗೆ ಗೊತ್ತಿತ್ತು! ಗಂಡಸರ ಕೈಗೆ ಹಂಡೆ ಕೊಟ್ರೆ ಇನ್ನೇನಾಗತ್ತೆ? ಆಲೂಗಡ್ಡೆ ಹಾಕು, ಉಪ್ಪು ಎಳ್ಕೊಳತ್ತೆ." ಅಷ್ಟರಲ್ಲಿ ಸಿಪ್ಪೆ ಸಮೇತ ನಾಲ್ಕು ಆಲೂಗಡ್ಡೆ ಹಂಡೆಯೊಳಗೆ ದುಡುಂ ಎಂದಿದ್ದವು.

"ಆಲೂಗಡ್ಡೆ ಏನು ಮಾಡತ್ತೆ? ಸಕ್ಕರೆ ಹಾಕ್ಬೇಕು," ಅಂದರು ಫೈವಿಶ್. ಅವರ ಹಿರಿಯರು ಗಲೀಷಿಯಾದವರು. ಆ ಕಡೆಯವರು ಮೀನಿಗೂ ಸಕ್ಕರೆ ಹಾಕುತ್ತಾರೆ.

ಡೋರೀನ್ ಅವರ ಹಿರಿಯರು ಲಿಥುವೇನಿಯಾದವರು. ಮೆಣಸು ಬಿಟ್ಟರೆ ಅವರಿಗೆ ಬೇರೆ ದೇವರಿಲ್ಲ. "ಸಕ್ಕರೆನಾ? ಇದೇನು ಬ್ರಿಸ್ಕೆಟ್ಟಾ, ಹುಟ್ಟುಹಬ್ಬದ ಕೇಕಾ?"

"ನಿಮ್ಮ ಮನೆ ಬ್ರಿಸ್ಕೆಟ್ ತಿಂದು ನಮ್ಮಣ್ಣ ಒಂದು ವಾರ ನೀರು ಕುಡಿದ!"

"ನಿಮ್ಮಣ್ಣಂಗೆ ನೀರು ಕುಡಿಯೋ ಅಭ್ಯಾಸ ಆಗಿದ್ದೇ ಪುಣ್ಯ ಅನ್ನಿ!"

ಫೈವಿಶ್ ಸಕ್ಕರೆಯ ಪೊಟ್ಟಣ ಬಗ್ಗಿಸಿದರು. ಡೋರೀನ್ ಮೆಣಸಿನ ಡಬ್ಬಿಯ ಮುಚ್ಚಳ ಬಿಚ್ಚಿ ಕೊಡವಿದರು. ಅವರು ಇನ್ನಷ್ಟು ಸಕ್ಕರೆ, ಇವರು ಇನ್ನಷ್ಟು ಮೆಣಸು. ಮುನ್ನೂರು ವರ್ಷದಿಂದ ಪೋಲೆಂಡಿನ ಎರಡು ಕಡೆ ನಡೆದುಬಂದ ಜಗಳ ಈಗ ಮರ್ವಿನ್ನನ ಹಂಡೆಯೊಳಗೆ ನಡೆಯಿತು. ಇಬ್ಬರೂ ಸೀನಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ "ದೇವರು ಒಳ್ಳೇದು ಮಾಡ್ಲಿ" ಅಂದರು, ಅಭ್ಯಾಸಬಲ. ಆಮೇಲೆ ಒಣದ್ರಾಕ್ಷಿ ಯಾರು ಹಾಕಿದರು ಎಂಬುದು ಈವರೆಗೂ ಇತ್ಯರ್ಥವಾಗಿಲ್ಲ.

ಮರ್ವಿನ್ ಹಿಡಿಯ ಮೇಲೆ ಕೈ ಮುಚ್ಚಿಕೊಂಡು ನಿಂತೇ ಇದ್ದ. ಹಿಡಿ ಕೆಂಡದ ಹಾಗಿತ್ತು. ಮುಖದಲ್ಲಿ ನಗು ಇಟ್ಟುಕೊಂಡಿದ್ದ, ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಅಳ್ಬೇಡ ಮಗಾ," ಅಂದರು ಫೈವಿಶ್. "ಸಕ್ಕರೆ ಹಾಕಿದೀನಿ, ಸರಿಹೋಗತ್ತೆ."

ಅವರಿಬ್ಬರೂ ಹೊರಗೆ ಹೋಗಿ ಸುದ್ದಿ ಹಂಚಲು ಶುರುಮಾಡಿದ ಮೇಲೆ ಮರ್ವಿನ್ ಆ ಕಡೆ ಈ ಕಡೆ ನೋಡಿದ. ಮೂಲೆಯಲ್ಲಿ ಬೋರ್ಷ್ಟ್ ಸಾರಿಗೆಂದು ಹೆಚ್ಚಿಟ್ಟ ಬೀಟ್‌ರೂಟ್ ಇತ್ತು. ಒಂದು ಹೋಳು ತೆಗೆದುಕೊಂಡು ನೀಲಿ ಪಟ್ಟೆಯ ಮೇಲೆ ಉಜ್ಜಿದ. ನೀಲಿ ಹೋಗಿ ಕೆಂಪಾಗುತ್ತದೆಂದು ಅವನ ಲೆಕ್ಕ. ಎರಡೂ ಸೇರಿ ನೇರಳೆಯಾಯಿತು. ನೇರಳೆ ಬಣ್ಣದ ಪಾತ್ರೆಯಲ್ಲಿ ಏನು ಬೇಯಿಸಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಅಷ್ಟರಲ್ಲಿ ರೋಸ್ಲಿನ್ ಅವರೇ ಬಂದರು. ಕತ್ತಿನಲ್ಲಿ ಮುತ್ತಿನ ಸರ, ಮೇಲೆ ಏಪ್ರನ್ನು. ಆ ಏಪ್ರನ್ನಿನ ಮೇಲೆ ಒಂದು ಹನಿ ಕಲೆ ಇಲ್ಲ. ಮರ್ವಿನ್ ಹಂಡೆಯ ಮುಂದೆ ಬೆನ್ನು ಕೊಟ್ಟು, ಎರಡೂ ಕೈ ಹಿಂದಕ್ಕೆ ಚಾಚಿ, ಶಿಲುಬೆಗೇರಿದವನ ಹಾಗೆ ನಿಂತ. ಸಿನಗಾಗಿನಲ್ಲಿ ಹಾಗೆ ನಿಲ್ಲುವುದೂ ಒಂದು ಅಪಚಾರವೇ.

"ಏನೋ ಉಪ್ಪಂತೆ?"

"ಸರಿಹೋಯ್ತು ರೋಸ್ಲಿನ್ ಅವ್ರೇ. ಎಲ್ರೂ ಸೇರಿ ಸರಿಮಾಡಿದ್ರು."

"ನಿಂಗೆ ಒಂದು ಹಂಡೆ ನೋಡ್ಕೊಳ್ಳೋಕೆ ಇಷ್ಟು ಕಷ್ಟ. ನನ್ನ ನೋಡು. ನಿನ್ನೆ ರಾತ್ರಿ ಸಬ್ಬತ್ತಿನ ರಜೆ ಮುಗಿದ ತಕ್ಷಣ ಇದೇ ಅಡುಗೆಮನೇಲಿ ನಿಂತು ಹಾಲು ಕಾಸಿದೀನಿ. ಕಾಸಿ, ಒಡೆಸಿ, ಬಟ್ಟೇಲಿ ಕಟ್ಟಿ, ಹಿಂಡಿ... ಭುಜ ಬಿದ್ದುಹೋಗಿದೆ. ವಿಟೆಬ್ಸ್ಕ್‌ನಿಂದ ನಮ್ಮಜ್ಜಿ ಸೆರಗಲ್ಲಿ ಕಟ್ಕೊಂಡು ಬಂದ ವಿದ್ಯೆ. ಅಂಗಡಿ ಚೀಸನ್ನ ನಾಯೀನೂ ಮೂಸಲ್ಲ."

"ದೊಡ್ಡ ಹಂಡೇಲಾ?" ಮರ್ವಿನ್ನನ ದನಿ ಇಲಿಯದಾಗಿತ್ತು.

"ಮತ್ತೆ? ಲೋಟದಲ್ಲಿ ಕಾಸಕ್ಕಾಗತ್ತಾ?"

ಅವರು ಮುತ್ತಿನ ಸರ ಸರಿಮಾಡಿಕೊಂಡು ಹೋದರು. ಮರ್ವಿನ್ ಮತ್ತೆ ಹಂಡೆಯ ಕಡೆ ತಿರುಗಿದ. ನಿನ್ನೆ ರಾತ್ರಿಯಷ್ಟೇ ಹಾಲು ಕುದಿದ ಹಂಡೆ! ಇತ್ತೀಚೆಗೆ ಅದರಲ್ಲಿ ಹಾಲು ಕಾಸಿರಲಿಕ್ಕಿಲ್ಲ ಎಂಬ ಒಂದು ಸಣ್ಣ ಆಸೆ ಉಳಿದಿತ್ತು, ಅದೂ ಹೋಯಿತು.

ಆಗ ಹಿಂಬಾಗಿಲಲ್ಲಿ ಫುಡ್ ಬ್ಯಾಂಕಿನ ಬೆವರ್ಲಿ ಕಾಣಿಸಿಕೊಂಡಳು. ಅಗಲ ಮೈಯ, ಅದಕ್ಕಿಂತ ಅಗಲ ನಗೆಯ ಹೆಂಗಸು. ಡಬ್ಬಿಗಳ ಪೆಟ್ಟಿಗೆ ವ್ಯಾನಿಗೆ ತುಂಬಲು ಬಂದಿದ್ದಳು. ಮರ್ವಿನ್‌ಗೆ ದೇವದೂತೆಯೇ ಬಂದಂತಾಯಿತು. ಬೆವರ್ಲಿ ಬ್ಯಾಪ್ಟಿಸ್ಟ್ ಚರ್ಚಿನವಳು. ಅವಳಿಗೆ ಹಾಲೂ ಒಂದೇ, ಮಾಂಸವೂ ಒಂದೇ.

"ಬೆವರ್ಲಿ, ಈ ಹಂಡೆ ಪೂರ್ತಿ ತಗೊಂಡು ಹೋಗಿಬಿಡು. ಈಗ್ಲೇ. ದಾನ!"

"ಪೂರ್ತಿ ಹಂಡೆನಾ? ಮರ್ವಿನ್, ನೀನು ಚಿನ್ನ ಕಣಪ್ಪಾ!" ಅವಳು ತೋಳು ಮಡಚಿಕೊಂಡಳು. "ಇವತ್ತು ರಾತ್ರಿ ಆಶ್ರಯ ಮನೇಲಿರೋರು ಕುಣೀತಾರೆ."

ಇಬ್ಬರೂ ಎರಡು ಹಿಡಿಗೆ ಕೈ ಹಾಕಿದರು. ಹಂಡೆ ಒಲೆಯಿಂದ ಎದ್ದಿತು ಎನ್ನುವಾಗ ಮರ್ವಿನ್‌ಗೆ ಬಾಲ್ಯದಲ್ಲಿ ಭಾನುವಾರದ ಪಾಠ ಹೇಳಿದ ಮೇಷ್ಟ್ರು ನೆನಪಾದರು. ಹಾಲು ಮಾಂಸ ಕೂಡಿ ಬೆಂದದ್ದನ್ನು ತಾನು ತಿನ್ನುವಂತಿಲ್ಲ. ಮಾರುವಂತಿಲ್ಲ. ಬೇರೆಯವರಿಗೆ ಕೊಟ್ಟು ಅವರಿಂದ ಒಂದು ಒಳ್ಳೆಯ ಮಾತು ಕೇಳಿಸಿಕೊಳ್ಳುವಂತೆಯೂ ಇಲ್ಲ. ಅದರಿಂದ ಯಾವ ಲಾಭವೂ ಸಲ್ಲದು. ಬೆವರ್ಲಿ ಆಗಲೇ ಅವನನ್ನು ಚಿನ್ನ ಅಂದುಬಿಟ್ಟಿದ್ದಳು.

"ಇಳಿಸು! ಇಳಿಸು!"

"ಯಾಕೆ?"

"ನೀನು ನನ್ನ ಹೊಗಳಿಬಿಟ್ಟೆ!"

ಬೆವರ್ಲಿ ಹಂಡೆ ಇಳಿಸಿ, ಅವನ ಹಣೆ ಮುಟ್ಟಿ ನೋಡಿ, "ಸ್ವಲ್ಪ ಕೂತ್ಕೋ, ನೀರು ಕುಡಿ," ಅಂದಳು. "ಹಾಲ್ ತುಂಬ ಜನ ಕಾಯ್ತಿದಾರೆ. ಈ ಊಟದ ಟಿಕೆಟ್ ದುಡ್ಡಿನ ಮೇಲೇನೇ ನಮ್ಮ ಚಳಿಗಾಲ ನಿಂತಿರೋದು ಮರ್ವಿನ್. ನೀನು ಮೈಮೇಲೆ ಎಚ್ಚರ ಇಟ್ಕೋಬೇಕು."

ಅವಳು ಆ ಮಾತು ಆಡದಿದ್ದರೆ ಅವನು ಇನ್ನೂ ಒಂದಿಷ್ಟು ಸುಳ್ಳು ಹೇಳುತ್ತಿದ್ದನೋ ಏನೋ. ಈಗ ಆಗಲಿಲ್ಲ. ಬಡಿಸಿದರೆ ಒಂದು ಸಮುದಾಯಕ್ಕೆ ಮೋಸ. ಬಡಿಸದಿದ್ದರೆ ಟಿಕೆಟ್ ದುಡ್ಡು ವಾಪಸ್ಸು, ಚಳಿಗಾಲಕ್ಕೆ ಬರೀ ಕಪಾಟು. ಎರಡು ಕಡೆಯೂ ತನ್ನ ಸೀಟಿಗೆ ಎಳ್ಳುನೀರು. ಮರ್ವಿನ್ ಏಪ್ರನ್ ಬಿಚ್ಚಿ, ತಲೆಯ ಟೊಪ್ಪಿ ನೆಟ್ಟಗೆ ಮಾಡಿಕೊಂಡು, ಗಲ್ಲಿಗೆ ಹೋಗುವವನ ಹಾಗೆ ರಬ್ಬಿಯನ್ನು ಹುಡುಕಿಕೊಂಡು ಸಭಾಂಗಣಕ್ಕೆ ಹೋದ.

ರಬ್ಬಿ ಟಾಮರ್ ಚಿಕ್ಕ ವಯಸ್ಸಿನವರು, ಮೂರು ವರ್ಷದ ಹಿಂದೆ ಬಂದವರು. ಪಾಪ ಇನ್ನೂ ಎಲ್ಲರ ಮೇಲೂ ನಂಬಿಕೆ ಇಟ್ಟುಕೊಂಡಿದ್ದರು. ಮರ್ವಿನ್ ಹತ್ತಿರ ಹೋಗಿ ಕಿವಿಯಲ್ಲಿ ಉಸುರಿದ. ಮುಖ ಪೂರ್ತಿ ಎದುರಿಗೆ ನೋಡಿದ್ದು ಅದೇ ಮೊದಲಾದ್ದರಿಂದ ಇದು ರಬ್ಬಿ ಹೌದೋ ಅಲ್ಲವೋ ಎಂದು ಅವರ ಮೊಣಕೈ ನೋಡಿ ಖಾತ್ರಿ ಮಾಡಿಕೊಂಡ.

"ರಬ್ಬಿ... ಬ್ರಿಸ್ಕೆಟ್ ಹಾಲಿನ ಹಂಡೇಲಿ ಬೆಂದುಬಿಟ್ಟಿದೆ."

ರಬ್ಬಿಯ ಪಕ್ಕದಲ್ಲಿ ಫೈವಿಶ್ ಇದ್ದರು. ವರ್ಷಗಟ್ಟಲೆ ಮೈಕಿನಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳದ ಕಿವಿಗೆ ಈ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು.

"ಏನು? ಬ್ರಿಸ್ಕೆಟ್ಟು ಹಾಲಿನ ಹಂಡೇಲಾ?" ಎಂದು ಕೂಗಿದರು. ಸಭಾಂಗಣದ ಆ ತುದಿಯಲ್ಲಿ ಯಾರದೋ ಕೈಯಿಂದ ತಟ್ಟೆ ಬಿತ್ತು.

ಐದು ನಿಮಿಷದಲ್ಲಿ ಅಡುಗೆಮನೆ ಸಂತೆಯಾಯಿತು. ಹಂಡೆಯ ಸುತ್ತ ಜನ ನಿಂತು ಶವ ನೋಡುವ ಹಾಗೆ ನೋಡಿದರು.

"ಇವನಪ್ಪನೂ ಹೀಗೇ ಇದ್ದ," ಅಂದರು ಡೋರೀನ್. "ಕಂಬದ ಹಿಂದೆ ಕೂತು ಕೂತು ಇಡೀ ವಂಶಕ್ಕೇ ಏನೂ ಕಾಣಲ್ಲ."

"ನನ್ನ ಸಕ್ಕರೆ ದಂಡ ಆಯ್ತು," ಅಂದರು ಫೈವಿಶ್.

ರಬ್ಬಿ ಟಾಮರ್ ಕೈ ಎತ್ತಿದರು. "ತಡೀರಿ, ಇನ್ನೂ ಏನೂ ಮುಗಿದಿಲ್ಲ. ಕಾನೂನು ಸರಳ ಇದೆ. ಈ ಹಂಡೇಲಿ ಹಾಲು ಕಾಸಿ ಒಂದು ಹಗಲು ಒಂದು ರಾತ್ರಿ ಪೂರ್ತಿ ಕಳೆದಿದ್ರೆ ಹಂಡೆಗೆ ಹಿಡಿದ ಹಾಲಿನ ರುಚಿ ಕೆಟ್ಟಿದೆ ಅಂತ ಲೆಕ್ಕ. ಗೊತ್ತಿಲ್ದೆ ಬೇಯ್ಸಿದ ಮಾಂಸಾನ ತಿನ್ನಬಹುದು. ಅಷ್ಟು ಹೊತ್ತು ಆಗಿಲ್ದಿದ್ರೆ ಪೂರ್ತಿ ಮಣ್ಣಿಗೆ. ರೋಸ್ಲಿನ್ ಅವ್ರೇ, ಇದರಲ್ಲಿ ಹಾಲು ಕಾಸಿದ್ದು ಯಾವಾಗ?"

ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಉತ್ತರ ಎಲ್ಲರಿಗೂ ಗೊತ್ತಿತ್ತು. ನಿನ್ನೆ ರಾತ್ರಿಯ ಹಾಲಿನ ಕತೆಯನ್ನು ರೋಸ್ಲಿನ್ ಬೆಳಗಿನಿಂದ ಡೇರೆಗೆ ಬಂದ ಪ್ರತಿಯೊಬ್ಬರಿಗೂ, ಬೆಂಕಿ ಆರಿಸುವವರಿಗೂ, ಭುಜ ಹಿಡಿದು ತೋರಿಸಿ ಹೇಳಿದ್ದರು.

ರೋಸ್ಲಿನ್ ಹಂಡೆ ನೋಡಿದರು. ಬಾಗಿಲಲ್ಲಿ ನಿಂತ ಬೆವರ್ಲಿಯನ್ನು ನೋಡಿದರು. ಮುತ್ತಿನ ಸರ ಒಂದು ಸುತ್ತು ತಿರುಗಿಸಿದರು.

"ರಬ್ಬಿ, ಒಂದ್ನಿಮಿಷ ಇಲ್ಲಿ ಬನ್ನಿ. ಮರ್ವಿನ್, ನೀನೂ."

ಪಕ್ಕದ ಕೋಟು ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನೇತಾಡುವ ಕೋಟುಗಳ ನಡುವೆ ಮೂವರೂ ಕದ್ದ ಮಾಲು ಹಂಚಿಕೊಳ್ಳುವವರ ಹಾಗೆ ನಿಂತರು.

"ಆ ಹಂಡೇಲಿ ಹಾಲು ಕಾಸಿಲ್ಲ," ಅಂದರು ರೋಸ್ಲಿನ್, ಯಾರದೋ ಕೋಟಿನ ಗುಂಡಿಯನ್ನು ನೋಡುತ್ತ.

"ನಿನ್ನೆ ಕಾಸಿಲ್ವಾ?"

"ನಿನ್ನೆ ಕಾಸಿಲ್ಲ. ಹೋದ ವರ್ಷಾನೂ ಕಾಸಿಲ್ಲ. ಅಮ್ಮ ಹೋದ್ಮೇಲೆ ಕಾಸಿಲ್ಲ."

"ಮತ್ತೆ ಚೀಸು?" ಅಂದ ಮರ್ವಿನ್.

"ಬರೀ ಚೀಸಲ್ಲ. ಬ್ಲಿಂಟ್ಸ್ ಪೂರ್ತಿ. ಡೆಟ್ರಾಯಿಟ್‌ನಲ್ಲಿ ಒಂದು ಅಂಗಡಿ ಇದೆ. ಐಸ್ ಮಾಡಿಟ್ಟಿರೋದು ಸಿಗತ್ತೆ. ಇಲ್ಲಿ ತಗೊಂಡ್ರೆ ಯಾರಾದ್ರೂ ನೋಡ್ತಾರೆ ಅಂತ ಅಲ್ಲಿಗೇ ಹೋಗ್ತೀನಿ. ಶಾಸ್ತ್ರಕ್ಕೆ ಸಲ್ಲತ್ತೆ ಅನ್ನೋ ಕೋಷರ್ ಮುದ್ರೆ ಇದೆ ರಬ್ಬಿ! ಬೇಕಾದ್ರೆ ಡಬ್ಬಿ ತೋರಿಸ್ತೀನಿ!"

"ಹಾಗಾದ್ರೆ ವಿಟೆಬ್ಸ್ಕ್ ಅಜ್ಜಿ?" ಅಂದರು ರಬ್ಬಿ. ಈ ಹೊತ್ತಿನಲ್ಲಿ ಅವರ ನಂಬಿಕೆಯಲ್ಲಿ ಉಳಿದದ್ದು ಆ ಅಜ್ಜಿಯೊಬ್ಬಳೇ.

"ಅಜ್ಜಿ ನಿಜ. ಅಡುಗೆ ಬರ್ತಿರ್ಲಿಲ್ಲ, ಅಷ್ಟೇ."

ಮರ್ವಿನ್‌ಗೆ ಕುಣಿಯಬೇಕೆನ್ನಿಸಿತು. ಮಾಂಸ ಉಳಿಯಿತು! ಬೆವರ್ಲಿಯ ಚಳಿಗಾಲ ಉಳಿಯಿತು! "ಹಾಗಾದ್ರೆ ತಿನ್ನಬಹುದು ಅಂತ ಹೇಳಿಬಿಡಿ ರಬ್ಬಿ!"

"ಏ ಮಂಕೇ," ಅಂದರು ರೋಸ್ಲಿನ್. "ತಿನ್ನಬಹುದು ಅಂತ ರಬ್ಬಿ ಹೇಳಿದ್ರೆ ಹಾಲು ಕಾಸಿಲ್ಲ ಅಂತ ಆಗತ್ತೆ. ಹಾಲು ಕಾಸಿಲ್ಲ ಅಂದ್ರೆ ಚೀಸು ಎಲ್ಲಿಂದ ಬಂತು? ಹೊರಗೆ ನಿಂತಿರೋರು ಒಬ್ಬೊಬ್ರೂ ಅರ್ಧ ಪಂಡಿತರು. ರಬ್ಬಿ ಬಾಯಿ ಮುಚ್ಚೋ ಮೊದ್ಲು ಡೋರೀನ್ ಬಾಯಿ ತೆಗೀತಾಳೆ."

ಅದು ನಿಜವಾಗಿತ್ತು. ಮಾಂಸ ಬದುಕಬೇಕಾದರೆ ಬ್ಲಿಂಟ್ಸ್ ಸಾಯಬೇಕು.

ರಬ್ಬಿ ಟಾಮರ್ ಒಂದು ಕೋಟನ್ನು ಒರಗಿಕೊಂಡು ಕಣ್ಣು ಮುಚ್ಚಿದರು. "ನಾನು ಸುಳ್ಳು ಹೇಳಲ್ಲ. ಮಾಂಸ ತಿನ್ನಬಹುದು, ಅಷ್ಟು ಹೇಳಿ ಹೊರಟುಹೋಗ್ತೀನಿ. ಕಾರಣ ನೀವೇ ಹುಡುಕ್ಕೊಳ್ಳಿ. ನಾಳೆ ಆ ಹಂಡೆ ನನ್ನ ಹತ್ರ ತನ್ನಿ, ಶುದ್ಧ ಮಾಡ್ಬೇಕು." ಬಾಗಿಲ ಹತ್ತಿರ ನಿಂತು ಸೇರಿಸಿದರು: "ಇಬ್ರೂ ಸ್ವಲ್ಪ ಪಶ್ಚಾತ್ತಾಪಾನೂ ತನ್ನಿ."

ರೋಸ್ಲಿನ್ ಮರ್ವಿನ್ನನ ಕೈ ಹಿಡಿದುಕೊಂಡರು. ಅವರು ಯಾರದಾದರೂ ಕೈ ಹಿಡಿದದ್ದನ್ನು ಸ್ಟ್ಯಾನ್ಲಿ ಕೂಡ ನೋಡಿರಲಿಲ್ಲ. "ಮರ್ವಿನ್, ನನ್ನ ಮಾನ ನಿನ್ನ ಕೈಲಿದೆಯಪ್ಪಾ. ನನಗೆ ಈ ಊರಲ್ಲಿ ಇರೋದು ಅದೊಂದೇ, ಬ್ಲಿಂಟ್ಸು. ನೀನು ಹೇಗಾದ್ರೂ ಮಾಡು. ಆಮೇಲೆ ನಿಂಗೇನು ಸಲ್ಲಬೇಕೋ ಅದನ್ನ ನಾನು ಸಲ್ಲಿಸ್ತೀನಿ. ಎಲ್ಲರ ಎದುರಿಗೆ."

ಎಲ್ಲರ ಎದುರಿಗೆ! ಮರ್ವಿನ್‌ಗೆ ಮೂರನೇ ಸಾಲಿನ ಸೀಟು ಕಣ್ಣಿಗೆ ಕಟ್ಟಿತು. ಕಾಲು ತಾನಾಗಿಯೇ ಚಾಚಿಕೊಂಡಿತು.

ಹೊರಗೆ ರಬ್ಬಿ ಹೇಳಿದ ಹಾಗೇ ಹೇಳಿ, ಮಕ್ಕಳ ಹಾಡು ಕೇಳುವ ನೆಪದಲ್ಲಿ ಮಾಯವಾಗಿದ್ದರು. ಡೋರೀನ್ ಆಗಲೇ ಬೆರಳು ಮಡಚುತ್ತಿದ್ದರು. "ತಿನ್ನಬಹುದು ಅಂದ್ರೆ ಹಂಡೇಲಿ ಹಾಲು ಕಾಸಿಲ್ಲ. ಕಾಸಿಲ್ಲ ಅಂದ್ರೆ..."

"ಅಂದ್ರೆ ಇದು ಹಾಲಿನ ಹಂಡೆ ಅಲ್ಲ!" ಮರ್ವಿನ್ ನುಗ್ಗಿಕೊಂಡು ಮುಂದೆ ಬಂದ. "ಮಾಂಸದ ಹಂಡೇನೇ! ನಾನೇ ತಪ್ಪು ನೋಡಿದ್ದು. ನಂಗೆ... ನಂಗೆ ಕೆಂಪು ನೀಲಿ ಸರಿಯಾಗಿ ಗೊತ್ತಾಗಲ್ಲ."

ಎಲ್ಲರೂ ಹಿಡಿಯ ಮೇಲೆ ಬಗ್ಗಿದರು. ಬೀಟ್‌ರೂಟಿನ ರಸ ಒಣಗಿ, ಕೆಂಪು ಎನ್ನಬಹುದಾದದ್ದು ಏನೋ ಒಂದು ಇತ್ತು.

"ಹಾಗಾದ್ರೆ ಹಾಲಿನ ಹಂಡೆ ಎಲ್ಲಿ?" ಡೋರೀನ್ ಬಿಡಲಿಲ್ಲ.

"ನಮ್ಮನೇಲಿ, ತೊಳೆಯಕ್ಕೆ ಹಾಕಿದೀನಿ," ಅಂದರು ರೋಸ್ಲಿನ್ ಕಣ್ಣು ಮಿಟುಕಿಸದೆ. "ಹಾಲು ತಳ ಹಿಡಿದಿತ್ತು. ಕೈಯೆಲ್ಲಾ ಸವೆದುಹೋಯ್ತು ಉಜ್ಜಿ ಉಜ್ಜಿ."

ಆಮೇಲೆ ನಗು ಎದ್ದಿತು, ಚಾವಣಿ ಹಾರುವಂಥ ನಗು.

"ಕನ್ನಡಕದ ಅಂಗಡಿಯವನಿಗೆ ಬಣ್ಣ ಗೊತ್ತಾಗಲ್ವಂತೆ!"

"ಲೋ ಮರ್ವಿನ್, ಹೋದ ತಿಂಗಳು ನನ್ನ ಕಣ್ಣು ಪರೀಕ್ಷೆ ಮಾಡಿದ್ದು ನೀನೇ ಅಲ್ವೇನೋ? ನನ್ನ ದುಡ್ಡು ವಾಪಸ್ ಕೊಡು!"

"ಅದಕ್ಕೇ ನನಗೆ ಈ ಕನ್ನಡಕದಲ್ಲಿ ನನ್ನ ಹೆಂಡ್ತಿ ಚೆನ್ನಾಗಿ ಕಾಣ್ತಾಳೆ!"

ಮರ್ವಿನ್ ನಕ್ಕ. ಸೋಮವಾರ ಅಂಗಡಿಗೆ ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ನಕ್ಕ. ಸೀಟಿಗೋಸ್ಕರ ತಾನೇ.

ಬ್ರಿಸ್ಕೆಟ್ ಬಡಿಸಿದರು. ಸಕ್ಕರೆ, ಮೆಣಸು, ಒಣದ್ರಾಕ್ಷಿ, ಸಿಪ್ಪೆ ಆಲೂಗಡ್ಡೆ ಎಲ್ಲ ಬೆಂದು ಅದಕ್ಕೊಂದು ರುಚಿ ಬಂದುಬಿಟ್ಟಿತ್ತು. ಉಪ್ಪು ಮಾತ್ರ ಕಡಿಮೆ ಇತ್ತು. ಗಲೀಷಿಯಾದವರು ಇದು ನಮ್ಮದು ಅಂದರು, ಲಿಥುವೇನಿಯಾದವರು ನಮ್ಮದು ಅಂದರು, ಬೆಂಕಿ ಆರಿಸುವವರು ಮಾತಾಡದೆ ಮೂರು ಸಲ ಬಡಿಸಿಕೊಂಡರು. ತಳದಲ್ಲಿ ಸೌಟು ಕೆರೆಯುವ ಸದ್ದು ಬಂತು. ಬೆವರ್ಲಿ ವ್ಯಾನ್ ತುಂಬಿಸಿಕೊಂಡು, ಮರ್ವಿನ್ನನನ್ನು ಮತ್ತೆ ಚಿನ್ನ ಅಂದಳು. ಈ ಸಲ ಅವನು ಬೇಡವೆನ್ನಲಿಲ್ಲ.

ಸಂಜೆ ಎಲ್ಲರನ್ನೂ ಪ್ರಾರ್ಥನೆಯ ಸಭಾಂಗಣಕ್ಕೆ ಕರೆದರು. ಸ್ಟ್ಯಾನ್ಲಿ ವೇದಿಕೆಯ ಮೇಲೆ ಗಂಟಲು ಸರಿಮಾಡಿಕೊಂಡರು, ರೋಸ್ಲಿನ್ ಮಾತಾಡಿದರು.

"ಇವತ್ತಿನ ಮೇಳ ಉಳಿಸಿದವನು ಮರ್ವಿನ್ ಪ್ಲಾಟ್ಕಿನ್. ಎಲ್ರೂ ನಕ್ಕರು, ಅವನು ಸಹಿಸ್ಕೊಂಡ. ಇಂಥ ಮನುಷ್ಯನಿಗೆ ನಾವೇನು ಕೊಡ್ಬೇಕು? ಒಂದು ಸೀಟು ಕೊಟ್ರೆ ಸಾಕಾ?"

"ಸಾಕು," ಅಂದ ಮರ್ವಿನ್. ಯಾರಿಗೂ ಕೇಳಿಸಲಿಲ್ಲ.

"ಸಾಲಲ್ಲ! ಸೀಟು ಯಾರಿಗೆ ಬೇಕಾದ್ರೂ ಸಿಗತ್ತೆ. ಪ್ಲಾಟ್ಕಿನ್ ಮನೆತನ ಎಷ್ಟು ಕಾಲದಿಂದ ಆ ಕಂಬದ ಹತ್ರ ಕೂತಿದೆ? ಅವನಪ್ಪ ಕೂತಿದ್ದು ಅಲ್ಲೇ. ಅದಕ್ಕೇ ಸ್ಟ್ಯಾನ್ಲಿ ಏನು ಯೋಚ್ನೆ ಮಾಡಿದಾರೆ ಅಂದ್ರೆ..." ಸ್ಟ್ಯಾನ್ಲಿ ಕುತೂಹಲದಿಂದ ಹೆಂಡತಿಯ ಮುಖ ನೋಡಿದರು. "ಇವತ್ತಿಂದ ಅದು ಪ್ಲಾಟ್ಕಿನ್ ಕಂಬ! ಹಿತ್ತಾಳೆ ಫಲಕದಲ್ಲಿ ಹೆಸರು ಕೆತ್ತಿಸಿ ಹಾಕ್ತೀವಿ. ಜೆಲ್ಮನ್ ಅವ್ರ ಸೀಟಲ್ಲಿ ನನ್ನ ತಮ್ಮ ಕೂರ್ತಾನೆ. ಪಾಪ, ಯಾರ ಹತ್ರಾನೂ ಮಾತಾಡಲ್ಲ ಅವನು."

ಸಭಾಂಗಣದಲ್ಲಿ ಚಪ್ಪಾಳೆಯ ಮಳೆ. ನಾನೂರು ಜನ ಎದ್ದು ನಿಂತರು. ಮನೆತನದ ಹೆಸರು ಹೊತ್ತ ಕಂಬವನ್ನು ಬಿಟ್ಟು ಬೇರೆ ಕಡೆ ಹೋಗಿ ಕೂರುವ ಗಂಡಸು ಈ ಸಮುದಾಯದಲ್ಲಿ ಇನ್ನೂ ಹುಟ್ಟಿಲ್ಲ.

ರೋಸ್ಲಿನ್ ಕೆಳಗಿಳಿದು ಬಂದು ಮರ್ವಿನ್ನನ ಎರಡೂ ಕೆನ್ನೆಗೆ ಮುತ್ತಿಟ್ಟರು. ಎರಡನೇ ಕೆನ್ನೆಯ ಹತ್ತಿರ ಪಿಸುಗುಟ್ಟಿದರು: "ಜೆಲ್ಮನ್ ಸೀಟಿನ ಪಕ್ಕದ ಸೀಟು ಫೈವಿಶ್‌ದು. ಅವನ ಪಕ್ಕ ನಿನ್ನ ಕೂರಿಸಕ್ಕೆ ನಂಗೇನು ತಲೆ ಕೆಟ್ಟಿದ್ಯಾ? ಒಂದೇ ವಾರದಲ್ಲಿ ನಿನ್ನ ಬಾಯಿಂದ ಡೆಟ್ರಾಯಿಟ್ ಹೊರಗೆ ಬರತ್ತೆ."

ಅಷ್ಟರಲ್ಲಿ ಫೈವಿಶ್ ಬಂದು ಅವನ ಕೈ ಕುಲುಕಿ ಕುಲುಕಿ ಭುಜದಿಂದ ಬಿಚ್ಚುವ ಹಾಗೆ ಮಾಡಿದರು. ಅವರ ಕಣ್ಣು ಒದ್ದೆಯಾಗಿತ್ತು. "ಪುಣ್ಯವಂತ ಕಣೋ ಮಗಾ! ನಿನ್ನ ಮಕ್ಕಳು ಮೊಮ್ಮಕ್ಕಳು ಎಲ್ಲ ಇನ್ಮೇಲೆ ಅಲ್ಲೇ!"

ಮರ್ವಿನ್ ತನ್ನ ಜಾಗಕ್ಕೆ ಹೋಗಿ ಕೂತ. ಎದುರಿಗೆ ಕಂಬ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಏನೇ ಆಗಲಿ, ಹಿತ್ತಾಳೆಯಲ್ಲಿ ತನ್ನ ಹೆಸರು, ಅಪ್ಪನ ಹೆಸರು. ಬರೀ ಗಾರೆ ನೋಡುವ ಬದಲು ಇನ್ನು ಮುಂದೆ ಅದನ್ನಾದರೂ ಓದಿಕೊಂಡು ಕೂರಬಹುದು.

ಕಂಬದ ಆಚೆಯಿಂದ ಸ್ಟ್ಯಾನ್ಲಿಯ ದನಿ ಕೇಳಿಸಿತು, ಯಾರಿಗೋ ಅಳತೆ ಹೇಳುತ್ತಿದ್ದರು.

"ಸ್ಟ್ಯಾನ್ಲಿ ಅವ್ರೇ," ಅಂದ ಮರ್ವಿನ್, "ಫಲಕ ಕಂಬದ ಯಾವ ಕಡೆಗೆ ಹಾಕ್ತೀರಿ?"

"ಇದೇನಪ್ಪಾ ಹೀಗ್ ಕೇಳ್ತೀಯ, ಮುಂದಿನ ಕಡೆಗೆ! ನಿನ್ನ ಕಡೆ ಹಾಕಿದ್ರೆ ಯಾರಿಗೆ ಕಾಣತ್ತೆ?"